ಹಳೇ ಸರ್ವರ್‌ನ 28 ಕೋರ್ ತಗೊಳ್ಳಲೇ, ಹೊಸದರ 8 ಕೋರ್ ತಗೊಳ್ಳಲೇ?

ಎರಡು ಜಿಯಾನ್ ಇ5-2680 ವಿ4 ಪ್ರೊಸೆಸರ್ ಇರುವ ಹಳೇ ಸರ್ವರ್ ಅಗ್ಗಕ್ಕೆ ಸಿಗುತ್ತಿದೆ, ಒಟ್ಟು 28 ಕೋರ್ (ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಭಾಗ), ಅದೇ ದುಡ್ಡಿನ ಮೇಲೆ ಸ್ವಲ್ಪ ಹಾಕಿದರೂ ಹೊಸದರಲ್ಲಿ ಬರೀ 8 ಕೋರ್ ಬರುತ್ತದೆ, ಯಾವುದರಲ್ಲಿ ಶಕ್ತಿ ಜಾಸ್ತಿ ಅಂತ ಕೇಳಿದ್ದೀರಿ. 2021ರ ಕೊನೆಯಲ್ಲಿ ನಾನೂ ಹೀಗೇ ಕೋರ್ ಎಣಿಸಿದ್ದೆ.

ನಮ್ಮದು ದಾವಣಗೆರೆಯಲ್ಲಿ ಸಣ್ಣ ಆಫೀಸು. ಚನ್ನಗಿರಿ, ಶಿವಮೊಗ್ಗ ಕಡೆಯ ಅಡಿಕೆ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಎಲ್ಲ ಮಂಡಿಗಳ ಡೇಟಾ ನಮ್ಮ ಸರ್ವರ್‌ನಲ್ಲೇ ಇರುತ್ತದೆ. ಆಗ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಎರಡು ಜಿಯಾನ್ ಇ5-2670 ಇರುವ ಹಳೇ ಸರ್ವರ್ ತಂದೆ. ನಿಮ್ಮದಕ್ಕಿಂತ ಹಳೇದು, 2012ರ ಚಿಪ್. ಜೊತೆಗೆ ಒಂದು ಹೊಸ ಸರ್ವರ್‌ನ ಕೊಟೇಶನ್ ಕೂಡ ಕೈಯಲ್ಲಿತ್ತು, ಜಿಯಾನ್ ಇ-2378 ಅಂತ, ಅದೇ ವರ್ಷ ಬಂದದ್ದು.

ನಾನು ತಪ್ಪಿದ್ದು ಇಲ್ಲೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎರಡರ ವಿವರ ಪಕ್ಕಪಕ್ಕ ಇಟ್ಟುಕೊಂಡು ನೋಡಿದೆ. ಹಳೇದು 8 ಕೋರ್, 16 ಥ್ರೆಡ್ (ಒಂದೊಂದು ಕೋರ್ ಒಟ್ಟಿಗೆ ಹಿಡಿಯುವ ಕೆಲಸದ ಸಾಲು, ಕೋರ್‌ಗೆ ಎರಡು), 2.6 ಗಿಗಾಹರ್ಟ್ಸ್. ಹೊಸದೂ 8 ಕೋರ್, 16 ಥ್ರೆಡ್, 2.6 ಗಿಗಾಹರ್ಟ್ಸ್! ಎರಡೂ ಒಂದೇ ಅಲ್ವಾ, ಹಳೇದರಲ್ಲಿ ಅಂಥವು ಎರಡಿವೆ, ಬೆಲೆ ಅರ್ಧಕ್ಕಿಂತ ಕಡಿಮೆ, ಇನ್ನೇನು ಯೋಚನೆ ಅಂತ ಯಜಮಾನರನ್ನು ಒಪ್ಪಿಸಿದೆ. ಕೆಳಗಿನ ಸಾಲಿನಲ್ಲಿದ್ದ ಟರ್ಬೊ ವೇಗ ನೋಡಲೇ ಇಲ್ಲ. ಕೆಲಸ ಒಂದೆರಡು ಕೋರ್ ಮೇಲೆ ಮಾತ್ರ ಬಿದ್ದಾಗ ಹಳೇದು 3.3ರವರೆಗೆ ಏರುತ್ತದೆ, ಹೊಸದು 4.8ರವರೆಗೆ. ಇಷ್ಟು ಮಾತ್ರ ಆಗಿದ್ದರೂ ಬೇರೆ ಮಾತು. ಒಂದು ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ ನೂರು ಕೋಟಿ ಸಲ ಗಡಿಯಾರ ಬಡಿದ ಹಾಗೆ, ಆದರೆ ಒಂದೊಂದು ಬಡಿತಕ್ಕೆ ಎಷ್ಟು ಕೆಲಸ ಮುಗಿಯುತ್ತದೆ ಅನ್ನುವುದು ಚಿಪ್‌ನ ಒಳಗಿನ ವಿನ್ಯಾಸಕ್ಕೆ ಬಿಟ್ಟದ್ದು, ಆ 9 ವರ್ಷದಲ್ಲಿ ಅದು ತುಂಬಾ ಬದಲಾಗಿದೆ. ಹಾಗಾಗಿ 2012ರ 2.6 ಮತ್ತು 2021ರ 2.6 ಒಂದೇ ಅಲ್ಲ. ಎರಡನ್ನೂ ಒಂದೇ ಅಳತೆ ಅಂದುಕೊಂಡು ಕೋರ್‌ನಿಂದ ಗುಣಿಸಿದೆ. 16 ಸಲ 2.6, ಒಟ್ಟು 41.6. ಆ ಸಂಖ್ಯೆ ಯಾವ ಕೆಲಸಕ್ಕೂ ಬರಲಿಲ್ಲ.

2022ರ ಮಾರ್ಚ್ 31 ಬಂತು. ವರ್ಷದ ಕೊನೆ ಅಂದರೆ ಮಂಡಿಯಲ್ಲಿ ಬಡ್ಡಿ ಲೆಕ್ಕ. ರೈತರು ತಗೊಂಡ ಮುಂಗಡ, ಬಿಟ್ಟ ಅಡಿಕೆ, ಬಂದ ಹಣ, ದಿನದಿನದ ಬಾಕಿ ನೋಡಿ ಬಡ್ಡಿ ಹಾಕಬೇಕು. ನಿನ್ನೆಯ ಬಾಕಿ ಗೊತ್ತಾಗದೆ ಇವತ್ತಿನದು ಬರುವುದಿಲ್ಲ. ನಮ್ಮ ಹಳೇ ಪ್ರೋಗ್ರಾಂ ಖಾತೆಗಳನ್ನೂ ಒಂದಾದ ಮೇಲೆ ಒಂದರಂತೆ ಹಿಡಿಯುತ್ತಿತ್ತು. ನಮ್ಮ ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್‌ನಲ್ಲಿ ಅಂಥ ಕೆಲಸ ಒಂದೇ ಥ್ರೆಡ್‌ನಲ್ಲಿ ಓಡುತ್ತದೆ. ತೋಟದಲ್ಲಿ 16 ಜನ ಕೊನೆಗಾರರಿದ್ದರೂ ಒಂದು ಮರಕ್ಕೆ ಹತ್ತುವವನು ಒಬ್ಬನೇ ತಾನೆ? ಹಾಗೆ.

ರಾತ್ರಿ ಹನ್ನೆರಡಕ್ಕೆ ಕೊಟ್ಟ ಕೆಲಸ ಮುಗಿಯುವಾಗ ಬೆಳಗ್ಗೆ ಐದೂ ಕಾಲು. ಅದರ ಮೇಲೆ ಬ್ಯಾಕಪ್, ರಿಪೋರ್ಟು. ಮಂಡಿ ಬಾಗಿಲು ತೆಗೆದರೂ ಲೆಕ್ಕ ಸಿಗಲಿಲ್ಲ. "ಏನ್ ಸಾರ್, ರೈತರು ಬಂದು ಕೂತಿದಾರೆ" ಅಂತ ಫೋನ್ ಮೇಲೆ ಫೋನ್. ಹಳ್ಳಿಯಿಂದ ಬಸ್ಸಿಗೆ ಬಂದವರು ಚೀಟಿ ಇಲ್ಲದೆ ವಾಪಸ್ ಹೋದರಂತೆ. ಅದು ಇವತ್ತಿಗೂ ಮನಸ್ಸಿನಲ್ಲಿದೆ.

ಆಮೇಲೂ ನನಗೆ ಪ್ರೊಸೆಸರ್ ಮೇಲೆ ಅನುಮಾನ ಬರಲಿಲ್ಲ. ಗ್ರಾಫ್‌ನಲ್ಲಿ ಒಟ್ಟು ಸಿಪಿಯು ಬಳಕೆ ಶೇ. 3 ಅಂತ ತೋರಿಸುತ್ತಿತ್ತು. ಸಿಪಿಯು ಖಾಲಿ ಇದೆ, ಡಿಸ್ಕೇ ನಿಧಾನ ಅಂದುಕೊಂಡು ಎಸ್‌ಎಸ್‌ಡಿ ಹಾಕಿಸಿದೆ. ಅದರಿಂದ ಉಳಿತಾಯವಾದದ್ದು ಹತ್ತೇ ನಿಮಿಷ. 32 ಥ್ರೆಡ್ ಇರುವ ಯಂತ್ರದಲ್ಲಿ ಒಂದು ಥ್ರೆಡ್ ಪೂರ್ತಿ ಉಸಿರುಗಟ್ಟಿ ಓಡಿದರೂ ಒಟ್ಟು ಲೆಕ್ಕದಲ್ಲಿ ಅದು ಶೇ. 3 ಅಷ್ಟೇ. ಲಿನಕ್ಸ್‌ನಲ್ಲಿ ಸಿಪಿಯು ಬಳಕೆ ತೋರಿಸುವ ಟಾಪ್ ಅನ್ನುವ ಕಮಾಂಡ್ ಓಡಿಸಿ 1 ಒತ್ತಿದ್ದರೆ ಒಂದೊಂದು ಥ್ರೆಡ್‌ನ ಬಳಕೆಯೂ ಬೇರೆಬೇರೆ ಸಾಲಿನಲ್ಲಿ ಕಾಣುತ್ತಿತ್ತು. ಕೊನೆಗೆ ಅದೇ ಡೇಟಾವನ್ನು ಆಫೀಸಿನ ಬಿಲ್ಲಿಂಗ್ ಟೇಬಲ್ ಮೇಲಿದ್ದ ಕಂಪ್ಯೂಟರ್‌ಗೆ ಹಾಕಿ ಓಡಿಸಿದೆ. ಅದರಲ್ಲಿದ್ದದ್ದು ಐ5-8400 ಪ್ರೊಸೆಸರ್, ಆರೇ ಕೋರ್. ಮೂರೂ ಕಾಲು ಗಂಟೆಯೊಳಗೆ ಮುಗಿಸಿಬಿಟ್ಟಿತು. ಆವತ್ತು ಅರ್ಥವಾಯಿತು.

ಮುಂದಿನ ವರ್ಷ ಆ ಇ-2378ನ್ನೇ ತಂದೆವು. ಅದೇ ಪ್ರೋಗ್ರಾಂ, ಒಂದು ಸಾಲೂ ಬದಲಾಯಿಸದೆ, ಎರಡು ಗಂಟೆ ಹತ್ತು ನಿಮಿಷ. ಆಮೇಲೆ ಕೂತು ಪ್ರೋಗ್ರಾಂ ಸರಿ ಮಾಡಿದೆವು, ಖಾತೆಗಳನ್ನು ಎಂಟು ಪಾಲು ಮಾಡಿ ಒಟ್ಟಿಗೇ ಓಡಿಸಿದೆವು. ಆಗ ಹಳೇ ಸರ್ವರ್ ಕೂಡ ಒಂದು ಗಂಟೆಯೊಳಗೆ ಮುಗಿಸಿತು! ಮೊದಲೇ ಮಾಡಿದ್ದರೆ ಆ ರಾತ್ರಿ ಬರುತ್ತಲೇ ಇರಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವುದರಲ್ಲಿ ಶಕ್ತಿ ಜಾಸ್ತಿ ಅಂತ ಕೇಳಬೇಡಿ. ನಿಮ್ಮ ಕೆಲಸ ಎಷ್ಟು ಕೋರ್‌ಗೆ ಹಂಚಿಕೊಳ್ಳುತ್ತದೆ ಅಂತ ಮೊದಲು ನೋಡಿ. ಹತ್ತಾರು ಸಣ್ಣ ವರ್ಚುವಲ್ ಮೆಷಿನ್ (ಒಂದೇ ಸರ್ವರ್ ಒಳಗೆ ಬೇರೆಬೇರೆ ಕಂಪ್ಯೂಟರ್ ಥರ ಓಡುವವು) ಇಡುವುದಾದರೆ, ವಿಡಿಯೊ ಎನ್‌ಕೋಡ್ ಮಾಡುವುದಾದರೆ, 28 ಕೋರ್ ಚೆನ್ನಾಗಿ ದುಡಿಯುತ್ತದೆ. ಡೇಟಾಬೇಸ್ ಇಟ್ಟುಕೊಂಡು ಜನ ಎದುರಿಗೆ ಕಾಯುವ ಕೆಲಸವಾದರೆ ನಾನಂತೂ ಹಳೇದು ಬೇಡ ಅಂತಲೇ ಹೇಳುತ್ತೇನೆ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಥರ ಕೋರ್ ಲೆಕ್ಕದಲ್ಲಿ ಲೈಸೆನ್ಸ್ ಕಟ್ಟುವ ಸಾಫ್ಟ್‌ವೇರ್ ಇದ್ದರೆ ಯೋಚಿಸಲೂ ಬೇಡಿ, ನಿಧಾನವಾದ 28 ಕೋರ್‌ಗೂ ಪೂರ್ತಿ ದುಡ್ಡು ಕಟ್ಟಬೇಕು.

ಕರೆಂಟ್ ಬಿಲ್ಲನ್ನೂ ಸೇರಿಸಿಕೊಳ್ಳಿ. ನಮ್ಮ ಹಳೇದು ಸರಾಸರಿ 240 ವ್ಯಾಟ್ ಎಳೆಯುತ್ತಿತ್ತು, ಹೊಸದು 60. ವರ್ಷವಿಡೀ ಓಡಿದರೆ ವ್ಯತ್ಯಾಸ ಸುಮಾರು 1,577 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೂ ಹನ್ನೆರಡೂವರೆ ಸಾವಿರ, ಎಸಿ ಖರ್ಚು ಬೇರೆ. ಕರೆಂಟ್ ಹೋದಾಗ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ ಅನ್ನುವುದೂ ಇದೆ, ನಮ್ಮ ಊರಲ್ಲಿ ಅದು ಸಣ್ಣ ವಿಷಯ ಅಲ್ಲ.

ಒಂದು ಸಮಾಧಾನ, ನಿಮ್ಮದು ವಿ4. ಅದರಲ್ಲಿ ಎವಿಎಕ್ಸ್2 ಇದೆ, ಅಂದರೆ ಒಂದೇ ಸಲಕ್ಕೆ ಹಲವು ಸಂಖ್ಯೆಗಳ ಲೆಕ್ಕ ಮಾಡುವ ಆದೇಶಗಳು. ನಮ್ಮದರಲ್ಲಿ ಇರಲಿಲ್ಲ, ಹಾಗಾಗಿ 2025ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10 ಅನ್ನುವ ಆಪರೇಟಿಂಗ್ ಸಿಸ್ಟಂ ಅದರ ಮೇಲೆ ನಡೆಯುವುದೇ ಇಲ್ಲ. ಈಗ ಅದನ್ನು ಬ್ಯಾಕಪ್‌ಗೆ ಮಾತ್ರ ಇಟ್ಟಿದ್ದೇವೆ.

ದುಡ್ಡು ಕೊಡುವ ಮೊದಲು ಹೊಸ ಪ್ರೊಸೆಸರ್ ಇರುವ ಕ್ಲೌಡ್ ಸರ್ವರ್ ಒಂದನ್ನು ಕೆಲವು ಗಂಟೆ ಬಾಡಿಗೆಗೆ ಹಿಡಿದು ನಿಮ್ಮದೇ ಕೆಲಸ ಓಡಿಸಿ. ಅಂಗಡಿಯವರನ್ನು ಕೇಳಿ ಹಳೇದರ ಮೇಲೂ ಒಂದು ಸಲ ಓಡಿಸಿ, ಕೊಡುವುದಿಲ್ಲ ಅಂದರೆ ಬೇರೆ ಅಂಗಡಿ ನೋಡಿ. ನೀವು ಅದರಲ್ಲಿ ಏನು ಓಡಿಸುತ್ತೀರಿ ಅಂತ ಪ್ರಶ್ನೆಯಲ್ಲಿ ಬರೆದೇ ಇಲ್ಲ. ಅದನ್ನು ಬರೆಯಿರಿ, ಟಾಪ್‌ನಲ್ಲಿ 1 ಒತ್ತಿದಾಗ ಎಷ್ಟು ಸಾಲು ತುಂಬಿ ಕಾಣುತ್ತವೆ ಅನ್ನುವುದನ್ನೂ ಬರೆಯಿರಿ, ನೋಡಿ ಹೇಳುತ್ತೇನೆ.