ಮುಹೂರ್ತದೊಳಗೆ ಕನ್ನಡಕ ಹೋಗಬೇಕಂತೆ, ಅಪ್ಪ ಬಳೆ ಅಡವಿಡಲು ಹೊರಟಿದ್ದಾರೆ

ಪ್ರಶ್ನೆ: ನನಗೆ 23 ವರ್ಷ, ಬೆಂಗಳೂರಿನಲ್ಲಿ ಕೆಲಸ. ಇನ್ನು ಎರಡು ತಿಂಗಳಿಗೆ ಮದುವೆ. ‘ಧಾರೆ ಹೊತ್ತಿಗೆ ಕನ್ನಡಕ ಇಲ್ಲದಿದ್ದರೆ ಚೆನ್ನಾಗಿರುತ್ತೆ’ ಎಂದು ಭಾವಿ ಅತ್ತೆ ಅಂದಿದ್ದೇ ತಡ, ಅಪ್ಪ, ಅಮ್ಮನ ಬಳೆ ಅಡವಿಟ್ಟು ನನ್ನ ಕಣ್ಣಿಗೆ ಲೇಸರ್ ಆಪರೇಶನ್ ಮಾಡಿಸಲು ಹೊರಟಿದ್ದಾರೆ. ಎರಡೂ ಕಣ್ಣಿಗೆ 84,000 ರೂಪಾಯಿ. ‘ಬಡ್ಡಿಯಿಲ್ಲದ’ ಇಎಂಐ ಕೂಡ ಇದೆಯಂತೆ. ವಿಮೆಯಲ್ಲೇ ಆಗುತ್ತೆ ಅನ್ನುತ್ತಾಳೆ ಗೆಳತಿ. ಪವರ್ ಹೋದ ವರ್ಷ ಮೈನಸ್ 4.5 ಇತ್ತು, ಈಗ 5.25. ಕನ್ನಡಕ ಬಿಡುವ ಆಸೆ ನನಗೂ ಇದೆ, ಬಳೆ ಅಡವಿಡುವುದು ಮಾತ್ರ ಬೇಡ. ಅಪ್ಪನಿಗೆ ಹೇಗೆ ಹೇಳಲಿ?

ಉತ್ತರ: ದುಡ್ಡಿನ ಮಾತು ಆಮೇಲೆ. ಒಂದೇ ವರ್ಷದಲ್ಲಿ ಪವರ್ 0.75 ಏರಿದೆಯಲ್ಲ, ಮೊದಲು ಅದನ್ನು ನೋಡಿ. ವರ್ಷಕ್ಕೆ 0.5ಕ್ಕಿಂತ ಹೆಚ್ಚು ಬದಲಾಗುವ ಕಣ್ಣಿಗೆ ಲೇಸರ್ ಮಾಡಲು ಸಾಮಾನ್ಯವಾಗಿ ವೈದ್ಯರು ಒಪ್ಪುವುದಿಲ್ಲ. ಈಗಿರುವ ಪವರನ್ನು ತೆಗೆಯಬಹುದೇ ಹೊರತು ಮುಂದೆ ಏರುವುದನ್ನು ಲೇಸರ್ ತಡೆಯದು. ಬಳೆ ಬಿಡಿಸಿಕೊಳ್ಳುವಷ್ಟರಲ್ಲಿ ಕನ್ನಡಕ ವಾಪಸ್ ಬಂದಿರಬಹುದು.

ಹಾಗಾಗಿ ಈಗ ತಪಾಸಣೆಗೆ ಮಾತ್ರ ಹಣ ಕಟ್ಟಿ, ಆಪರೇಶನ್‌ಗೆ ಮುಂಗಡ ಕೊಡಬೇಡಿ. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಿದ್ದರೆ ಎರಡು ವಾರ ಮೊದಲೇ ನಿಲ್ಲಿಸಿ, ಇಲ್ಲದಿದ್ದರೆ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರದ) ಅಳತೆಯೇ ತಪ್ಪುತ್ತದೆ. ಅದರ ದಪ್ಪ ಎಷ್ಟು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಎಂದು ಕೇಳಿ ಬರೆದುಕೊಳ್ಳಿ. ಲಾಸಿಕ್ ಎಂಬ ಲೇಸರ್ ವಿಧಾನದಲ್ಲಿ ಮೇಲಿನ ಪದರ ಎತ್ತಲು ಸುಮಾರು 110 ಮೈಕ್ರಾನ್ ಹೋಗುತ್ತದೆ, ಪ್ರತಿ ಒಂದು ಪವರ್‌ಗೆ 14ರ ಆಸುಪಾಸು ಸವೆಯುತ್ತದೆ. 5.25ಕ್ಕೆ ಅಂದಾಜು 75. ದಪ್ಪ 540 ಇದ್ದರೆ 355 ಉಳಿಯಿತು, ಚಿಂತೆಯಿಲ್ಲ. 480 ಇದ್ದರೆ ಉಳಿಯುವುದು 295. ಕನಿಷ್ಠ ಮಿತಿ 250 ಎನ್ನುತ್ತಾರೆ, ಆದರೆ ಎಚ್ಚರದ ವೈದ್ಯರು 300ರ ಕೆಳಗೆ ಇಳಿಯಲು ಹಿಂಜರಿಯುತ್ತಾರೆ. ತೀರಾ ತೆಳುವಾದ ಕಾರ್ನಿಯಾ ಕ್ರಮೇಣ ಉಬ್ಬಿ ದೃಷ್ಟಿಯೇ ಕೆಡಬಹುದು.

ಮದುವೆಮನೆಯಂತೂ ಹೊಸದಾಗಿ ಲೇಸರ್ ಆದ ಕಣ್ಣಿಗೆ ಹೇಳಿ ಮಾಡಿಸಿದ ಶತ್ರು. ಕಣ್ಣು ಒಣಗುವುದು, ದೀಪದ ಸುತ್ತ ಬಳೆಯಂತೆ ಕಾಣುವುದು ಮೊದಲ ಕೆಲವು ತಿಂಗಳು ಜಾಸ್ತಿ. ಅದರ ಮೇಲೆ ಹೋಮದ ಹೊಗೆ, ಫೋಟೋದವರ ಫ್ಲ್ಯಾಶು, ನಿದ್ದೆಗೇಡು. ಧಾರೆಯ ದಿನಕ್ಕೆ ಒಂದೇ ದಿನ ಬಳಸಿ ಬಿಸಾಡುವ ಲೆನ್ಸ್ ಸಾಕು. ಎರಡು ವಾರ ಮುಂಚೆ ಹಾಕಿ ಅಭ್ಯಾಸ ಮಾಡಿಕೊಳ್ಳಿ. ಅವತ್ತು ಮೇಕಪ್‌ಗೆ ಮೊದಲೇ ಹಾಕಿ, ಮಲಗುವ ಮುನ್ನ ತೆಗೆಯಿರಿ. ಅತ್ತೆಯವರ ಆಸೆಯೂ ತೀರುತ್ತದೆ.

ವಿಮೆಯ ದಾರಿ ಬಹುತೇಕ ಮುಚ್ಚಿದೆ. ಪಾಲಿಸಿಗಳ ಸಾಮಾನ್ಯ ಷರತ್ತಿನಲ್ಲೇ 7.5ಕ್ಕಿಂತ ಕಡಿಮೆ ಪವರ್ ತೆಗೆಸುವ ಖರ್ಚು ಹೊರಗಿದೆ. ಕಂಪನಿಯ ಗುಂಪು ವಿಮೆ ಇದ್ದರೆ ಎಚ್‌ಆರ್‌ಗೆ ಮೇಲ್ ಮಾಡಿ ಕೇಳಿ. ಬೇರೆ ಕಾಯಿಲೆಯ ಹೆಸರು ಬರೆಸಿ ಕ್ಲೇಮ್ ಮಾಡುವ ಯೋಚನೆ ಮಾತ್ರ ಬೇಡ. ಸಿಕ್ಕಿಬಿದ್ದರೆ ಪಾಲಿಸಿಯೇ ರದ್ದಾಗಬಹುದು.

ಇಎಂಐಗೆ ಮುಂಚೆ ‘ಪೂರ್ತಿ ಈಗಲೇ ಕಟ್ಟಿದರೆ ಎಷ್ಟು?’ ಎಂದು ಕೇಳಿ. 78,000 ಅಂದರೆ, ಅದನ್ನೇ ತಿಂಗಳಿಗೆ 7,000ದಂತೆ 12 ಕಂತಿನಲ್ಲಿ ಕಟ್ಟುವ ನೀವು ವರ್ಷಕ್ಕೆ ಶೇ 14ರಷ್ಟು ಬಡ್ಡಿ ಕೊಟ್ಟಂತೆ. ಪ್ರೊಸೆಸಿಂಗ್ ಶುಲ್ಕ, ಅದರ ಜಿಎಸ್‌ಟಿ ಬೇರೆ. ಅದೇ 7,000ವನ್ನು ನಿಮ್ಮ ಸಂಬಳದಿಂದ ಆರ್‌ಡಿ ಕಟ್ಟಿ. ಪವರ್ ನಿಂತಿದೆಯೋ ಇಲ್ಲವೋ ಎಂದು ಗೊತ್ತಾಗುವ ಹೊತ್ತಿಗೆ ಹಣ ಕೈಯಲ್ಲಿರುತ್ತದೆ. ಆಗ ಎಸ್ಟಿಮೇಟ್‌ನಲ್ಲಿ ತಪಾಸಣೆ, ಔಷಧಿ, ನಂತರದ ಭೇಟಿಗಳು ಸೇರಿವೆಯೇ, ಪವರ್ ಉಳಿದರೆ ಎರಡನೇ ಸಲ ಮಾಡುವುದು ಉಚಿತವೇ, ಎಷ್ಟು ವರ್ಷದವರೆಗೆ ಎಂದು ಬರೆಸಿಕೊಳ್ಳಿ. ಮಧ್ಯೆ ಬಸಿರಾದರೆ ಹಾಲು ಬಿಡಿಸಿ ಕೆಲವು ತಿಂಗಳಾಗುವವರೆಗೆ ಮುಂದೂಡಬೇಕಾಗುತ್ತದೆ.

ಅಪ್ಪನಿಗೆ ನೀವೇ ವಾದಿಸಿ ಹೇಳುವ ಅಗತ್ಯವಿಲ್ಲ. ತಪಾಸಣೆಯ ದಿನ ಪಾಪೆ ಹಿಗ್ಗಿಸಲು ಹನಿ ಹಾಕುತ್ತಾರೆ, ಕೆಲವು ಗಂಟೆ ಮಂಜುಮಂಜು, ಗಾಡಿ ಓಡಿಸುವಂತಿಲ್ಲ. ಜೊತೆಗೆ ಅವರನ್ನೇ ಕರೆದೊಯ್ಯಿರಿ. ಎರಡು ವರ್ಷದ ಕನ್ನಡಕದ ಚೀಟಿಗಳನ್ನು ವೈದ್ಯರ ಮುಂದಿಟ್ಟು, ‘ಈಗ ಮಾಡಿಸಬಹುದೇ?’ ಎಂಬ ಪ್ರಶ್ನೆಯನ್ನು ಅಪ್ಪನೇ ಕೇಳಲಿ.