ತೋಟದ ಕಲ್ಲಿನಲ್ಲಿ ಹಳದಿ ಹೊಳಪು: ಪಾದರಸ ಹಾಕಿದರೆ ಚಿನ್ನ ಬರುತ್ತದೆಯೇ?

ಪ್ರಶ್ನೆ: ನಮ್ಮ ಕಾಫಿ ತೋಟದ ತೋಡಿನಲ್ಲಿ ಹಳದಿ ಹೊಳಪಿನ ಬೆಣಚುಕಲ್ಲುಗಳು ಸಿಕ್ಕಿವೆ. ನಿಲಂಬೂರಿನಲ್ಲಿ ಹೊಳೆಯ ಮರಳು ತೊಳೆದು ಚಿನ್ನ ತೆಗೆಯುತ್ತಾರೆ, ಕೋಲಾರದಲ್ಲಿ ಕಲ್ಲು ಅರೆದು ಸಯನೈಡ್ ಹಾಕುತ್ತಿದ್ದರು ಎನ್ನುತ್ತಾರೆ. ಈ ವ್ಯತ್ಯಾಸವೇಕೆ? ಕಲ್ಲನ್ನು ಪುಡಿಮಾಡಿ ಪಾದರಸ ಬೆರೆಸಿದರೆ ಮನೆಯಲ್ಲೇ ಚಿನ್ನ ಬಿಡಿಸಬಹುದೇ?
– ಓದುಗರು, ಸೋಮವಾರಪೇಟೆ

ಉತ್ತರ: ಪಾದರಸದ ಮಾತನ್ನು ಮೊದಲು ಮುಗಿಸೋಣ. ಖಂಡಿತ ಬೇಡ. ಪಾದರಸ ಚಿನ್ನದ ಕಣಗಳನ್ನು ಹಿಡಿಯುವುದು ನಿಜ, ಆದರೆ ಅವನ್ನು ಬಿಡಿಸಿಕೊಳ್ಳಲು ಅದನ್ನು ಕಾಯಿಸಲೇಬೇಕು. ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನೊಂದಿಗೆ ಒಳಹೋಗಿ ನರಗಳನ್ನು ಕೆಡಿಸುತ್ತದೆ. ಚೆಲ್ಲಿದ್ದು ತೋಡಿನ ಮೀನಿಗೆ ಸೇರುತ್ತದೆ.

ಇನ್ನು ವ್ಯತ್ಯಾಸದ ವಿಷಯ. ಎಷ್ಟು ಚಿನ್ನವಿದೆ ಎಂಬುದರಷ್ಟೇ, ಅದು ಕಲ್ಲಿನಲ್ಲಿ ಹೇಗೆ ಕೂತಿದೆ ಎಂಬುದೂ ಮುಖ್ಯ. ಹೊಳೆಯ ಮರಳಿನಲ್ಲಿ ಕಲ್ಲು ಒಡೆಯುವ ಕೆಲಸವನ್ನು ಮಳೆ, ಪ್ರವಾಹಗಳೇ ಮುಗಿಸಿರುತ್ತವೆ. ಚಿನ್ನ ನೀರಿಗಿಂತ 19 ಪಟ್ಟು ಭಾರ, ಬೆಣಚು ಮರಳು ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು. ಹಾಗಾಗಿ ಮರಿಗೆಯನ್ನು ಕುಲುಕಿದರೆ ಮರಳು ಹರಿದುಹೋಗಿ ಚಿನ್ನ ತಳದಲ್ಲಿ ನಿಲ್ಲುತ್ತದೆ. ಹೀಗೆ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದ ಹಿಂದಿನ ಜಾಲಗಾರರ ಕಸುಬೆಲ್ಲ ಇಷ್ಟೇ.

ಕೋಲಾರದ ಚಿನ್ನ ಬಹುತೇಕ ಬೆಣಚುಕಲ್ಲಿನ ಎಳೆಗಳಲ್ಲಿ ಬಿಡಿಯಾಗಿತ್ತು. ಅರೆದರೆ ಸಾಕು, ಹೊರಬರುತ್ತಿತ್ತು. ಮೊದಲು ಪಾದರಸ ಸವರಿದ ತಾಮ್ರದ ಹಾಳೆಗಳ ಮೇಲೆ ಹರಿಸಿ ದಪ್ಪ ಕಣಗಳನ್ನು ಹಿಡಿಯುತ್ತಿದ್ದರು. ಸಣ್ಣ ಕಣಗಳು ತಪ್ಪಿಸಿಕೊಳ್ಳುತ್ತಿದ್ದವು. ಅವುಗಳಿಗೆ ಉತ್ತರ ಸಿಕ್ಕಿದ್ದು 1887ರಲ್ಲಿ ಸ್ಕಾಟ್ಲೆಂಡಿನ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸೋದರರು ಪೇಟೆಂಟ್ ಪಡೆದ ಸಯನೈಡ್ ವಿಧಾನದಿಂದ. ತೆಳು ಸಯನೈಡ್ ನೀರು ಗಾಳಿಯ ಆಮ್ಲಜನಕದ ನೆರವಿನಿಂದ ಚಿನ್ನವನ್ನು ಕರಗಿಸುತ್ತದೆ. ಸುಣ್ಣ ಹಾಕಿ ಕ್ಷಾರವಾಗಿಡದಿದ್ದರೆ ವಿಷಾನಿಲ ಏಳುತ್ತದೆ. ಕರಗಿದ ಚಿನ್ನವನ್ನು ಹಿಂದೆ ಸತುವಿನ ಪುಡಿಯಿಂದ ಹಿಡಿಯುತ್ತಿದ್ದರು. ಈಗ ಹೆಚ್ಚಿನ ಕಡೆ ತೆಂಗಿನ ಚಿಪ್ಪಿನ ಇದ್ದಿಲು ಬಳಸುತ್ತಾರೆ. ನಾವು ಒಲೆಗೆ ಹಾಕುವ ಚಿಪ್ಪಿಗೆ ಅಲ್ಲಿ ಎಂಥ ಬೆಲೆ!

ನಿಜವಾದ ತಲೆನೋವು ಮೂರನೆಯ ಜಾತಿ. ಇಲ್ಲಿ ಚಿನ್ನವು ಗಂಧಕ, ಆರ್ಸೆನಿಕ್ ಸೇರಿದ ಪೈರೈಟ್ ಎಂಬ ಹಳದಿ ಹೊಳಪಿನ ಕಬ್ಬಿಣದ ಖನಿಜದ ಒಳಗೆ ಸೂಕ್ಷ್ಮದರ್ಶಕಕ್ಕೂ ಕಾಣದಂತೆ ಹುದುಗಿರುತ್ತದೆ. ಎಷ್ಟು ಅರೆದರೂ ಸಯನೈಡ್ ಅದನ್ನು ತಲುಪದು. ಅದಿರನ್ನು ಹುರಿಯಬೇಕು (ಆರ್ಸೆನಿಕ್ ಹೊಗೆಯ ಕಾಟ ತಪ್ಪಿದ್ದಲ್ಲ), ಇಲ್ಲವೇ ಬಿಸಿ, ಒತ್ತಡದ ಪಾತ್ರೆಯಲ್ಲಿ ಆಮ್ಲಜನಕ ಹಾಯಿಸಬೇಕು, ಇಲ್ಲವೇ ಗಂಧಕ ತಿಂದು ಬದುಕುವ ಬ್ಯಾಕ್ಟೀರಿಯಾಗಳಿಗೆ ಒಪ್ಪಿಸಬೇಕು. ಕೊನೆಯದು ನಿಧಾನ, ಆದರೆ ನನಗೆ ಮೆಚ್ಚುಗೆ. ಅದಿರಿನಲ್ಲೇ ಇಂಗಾಲವಿದ್ದರಂತೂ ಕರಗಿದ ಚಿನ್ನವನ್ನು ಅದೇ ನುಂಗಿಬಿಡುತ್ತದೆ.

ನಿಮ್ಮ ಕಲ್ಲಿಗೆ ಬರೋಣ. ಹೊಳೆಯುವ ಚೂರನ್ನು ಬೇರ್ಪಡಿಸಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಪುಡಿಯಾದರೆ ಪೈರೈಟ್, ಹಾಳೆಯಾಗಿ ಎದ್ದರೆ ಅಭ್ರಕ, ಚಪ್ಪಟೆಯಾದರೆ ಮಾತ್ರ ಚಿನ್ನದ ಮಾತು. ಮೆರುಗಿಲ್ಲದ ಟೈಲಿನ ಹಿಂಬದಿಗೆ ಉಜ್ಜಿದರೆ ಪೈರೈಟ್ ಹಸಿರುಗಪ್ಪು ಗೆರೆ ಬಿಡುತ್ತದೆ, ಚಿನ್ನ ಹಳದಿ ಗೆರೆ. ನನ್ನ ಅಂದಾಜಿಗೆ ಇದು ಅಭ್ರಕವೋ ಪೈರೈಟೋ ಇರಬೇಕು. ಗೆರೆ ಹಳದಿಯಾಗಿಯೇ ಬಂದರೆ ತೋಟ ಅಗೆಯಲು ಹೋಗಬೇಡಿ. ಪರವಾನಗಿ ಇಲ್ಲದ ಗಣಿಗಾರಿಕೆ 1957ರ ಗಣಿ ಮತ್ತು ಖನಿಜ ಕಾಯ್ದೆಯಡಿ ಅಪರಾಧ. ಮಾದರಿಯೊಂದನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಯವರಿಗೆ ತೋರಿಸಿ.