ಉಕ್ಕಿನ ಕುರ್ಚಿಗೆ ಬಟ್ಟೆ ನೇಯ್ದವರು

(ಸಂಪಾದಕರ ಉತ್ತರ)

ಧಾರವಾಡದ ನಿವೃತ್ತ ಚಿತ್ರಕಲಾ ಶಿಕ್ಷಕರೊಬ್ಬರು ಜರ್ಮನಿಯ ಹೆಸರಾಂತ ಕಲಾ-ವಿನ್ಯಾಸ ಶಾಲೆ ಬೌಹೌಸ್ ಕುರಿತ ಕಳೆದ ಸಂಚಿಕೆಯ ಲೇಖನ ಓದಿ ಕಾಗದ ಬರೆದಿದ್ದಾರೆ. ಶಾಲೆಯ ಸ್ಥಾಪಕ ಗ್ರೋಪಿಯಸ್‌ನ ಕಟ್ಟಡಕ್ಕೂ ಅಲ್ಲಿನ ವಿನ್ಯಾಸಕಾರ ಬ್ರೂಯರ್‌ನ ಉಕ್ಕಿನ ಕುರ್ಚಿಗೂ ಒಂದೊಂದೇ ಪುಟ ಕೊಟ್ಟು, ನೇಯ್ಗೆಗೆ ಮೂರು ಪುಟ ಕೊಟ್ಟದ್ದು ಅವರಿಗೆ ಸರಿಕಂಡಿಲ್ಲ. ‘ನೇಯ್ಗೆ ಒಂದು ಕಸುಬು. ನಮ್ಮ ಗುಳೇದಗುಡ್ಡದಾಗ ಮನೆಮನೆಗೂ ಮಗ್ಗ ಇತ್ತು, ಅದನ್ನ ಯಾರೂ ಆಧುನಿಕ ಕಲೆ ಅನ್ನಲಿಲ್ಲ. ಬೌಹೌಸ್ ಹೆಸರು ಉಳಿದದ್ದು ಕಟ್ಟಡ, ಕುರ್ಚಿಗಳಿಂದ’ ಎಂಬುದು ಅವರ ವಾದ. ಆ ಬಟ್ಟೆಗಳು ಈಗ ಎಲ್ಲಿವೆ ಎಂದೂ ಕೇಳಿದ್ದಾರೆ.

ಮಾಸ್ತರರೇ, ಕುರ್ಚಿಯಿಂದಲೇ ಶುರುಮಾಡೋಣ. 1925ರ ಹೊತ್ತಿಗೆ ಬ್ರೂಯರ್ ರೂಪಿಸಿದ ಆ ಕುರ್ಚಿಯ ಚೌಕಟ್ಟು ಬಾಗಿಸಿದ ಉಕ್ಕಿನ ಕೊಳವೆಯದು, ನಿಜ. ಆದರೆ ಕೂತವರ ಮೈಗೆ ತಾಗುವುದೆಲ್ಲ ಬಟ್ಟೆಯೇ: ಆಸನಕ್ಕೆ, ಬೆನ್ನಿಗೆ, ಕೈ ಊರುವಲ್ಲಿ ಬಿಗಿಯಾಗಿ ಎಳೆದು ಕಟ್ಟಿದ ಪಟ್ಟಿಗಳು. ಸಾಧಾರಣ ಹತ್ತಿ ಬಟ್ಟೆಯಾಗಿದ್ದರೆ ನಾಲ್ಕು ದಿನಕ್ಕೆ ಜೋತುಬೀಳುತ್ತಿತ್ತು. ಅದಕ್ಕೆ ಬಳಸಿದ್ದು ಜರ್ಮನ್ನರು ‘ಕಬ್ಬಿಣದ ನೂಲು’ ಎಂದು ಕರೆಯುತ್ತಿದ್ದ ಎಳೆ. ಹತ್ತಿ ನೂಲಿಗೆ ಗಂಜಿ, ಮೇಣ ಹಿಡಿಸಿ, ಉಜ್ಜಿ ಹೊಳಪೇರಿಸಿದ್ದು. ಅದನ್ನು ಇನ್ನಷ್ಟು ಗಟ್ಟಿಗೊಳಿಸಲು ದುಡಿದವಳು ನೇಯ್ಗೆ ವಿಭಾಗದ ವಿದ್ಯಾರ್ಥಿನಿ ಮಾರ್ಗರೆಟಾ ರೈಖಾರ್ಟ್. ನೀವು ಮೆಚ್ಚಿದ ಕುರ್ಚಿಯಲ್ಲಿ ಆ ಮಗ್ಗದ ಕೋಣೆಯ ಪಾಲೂ ಇದೆ.

ಇನ್ನು ಕಟ್ಟಡದ ಮಾತು. 1919ರಲ್ಲಿ ವೈಮಾರ್‌ನಲ್ಲಿ ಶುರುವಾದ ಶಾಲೆಗೆ ವಾಸ್ತುಶಿಲ್ಪದ ಸ್ವಂತ ವಿಭಾಗ ಬಂದದ್ದೇ 1927ರಲ್ಲಿ, ಡೆಸಾವ್‌ಗೆ ಹೋದ ಮೇಲೆ. ಮಗ್ಗಗಳು ಮಾತ್ರ ಮೊದಲಿನಿಂದ ಇದ್ದವು. ಕಲಾವಿದನಿಗೂ ಕಸುಬುದಾರನಿಗೂ ನಡುವೆ ಗೋಡೆ ಬೇಡ ಎಂದು ಗ್ರೋಪಿಯಸ್ ಪ್ರಣಾಳಿಕೆಯಲ್ಲೇ ಸಾರಿದ್ದ. ಆದರೆ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಬಂದು ಸೇರಿದಾಗ ಆಡಳಿತಕ್ಕೆ ದಿಗಿಲಾಯಿತು. ಅವರಲ್ಲಿ ಹೆಚ್ಚಿನವರನ್ನು ನೇಯ್ಗೆಯ ಕಡೆ ಅಟ್ಟಿದರು. ಇದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ನನ್ನನ್ನು ಹಿಡಿದಿಟ್ಟಿರುವುದು ಆಮೇಲೆ ನಡೆದದ್ದು: ಆ ಪ್ರಣಾಳಿಕೆಯ ಮಾತನ್ನು ಎಲ್ಲರಿಗಿಂತ ಚೆನ್ನಾಗಿ ನಡೆಸಿಕೊಟ್ಟದ್ದು ಆ ಕೋಣೆಯೇ.

ಆ ಕೋಣೆಯ ಗುಂಟಾ ಶ್ಟೋಲ್ಟ್ಸಲ್ 1922ರಲ್ಲಿ ಕ್ರೇಫೆಲ್ಡ್‌ಗೆ ಹೋಗಿ ಬಣ್ಣ ಹಾಕುವುದನ್ನು ಕಲಿತುಬಂದಳು. 1927ರಿಂದ ವಿಭಾಗದ ಹೊಣೆ ಅವಳದಾಯಿತು. ಚಿತ್ರಕಾರ ಪೌಲ್ ಕ್ಲೇ ನೇಯ್ಗೆಯವರಿಗೆ ರೂಪ, ಬಣ್ಣಗಳ ಪಾಠ ಮಾಡುತ್ತಿದ್ದ. ಮೊದಮೊದಲು ಗೋಡೆಗೆ ತೂಗುಹಾಕುವ ಚಿತ್ರದಂಥ ಬಟ್ಟೆ ನೇಯುತ್ತಿದ್ದವರು ಕ್ರಮೇಣ ಕಾರ್ಖಾನೆಗೆ ಒಗ್ಗುವ ಮಾದರಿಗಳತ್ತ ತಿರುಗಿದರು. 1930ರಲ್ಲಿ ಪಾಲಿಟೆಕ್ಸ್ ಎಂಬ ಕಂಪನಿ ಅವರ ಬಟ್ಟೆಗಳನ್ನು ತಯಾರಿಸಿ ಮಾರುವ ಒಪ್ಪಂದ ಮಾಡಿಕೊಂಡಿತು.

ಆನಿ ಆಲ್ಬರ್ಸ್ 1922ರಲ್ಲಿ ಸೇರಿದಾಗ ಅವಳಿಗೆ ನೇಯ್ಗೆಯ ಮೇಲೆ ಮನಸ್ಸಿರಲಿಲ್ಲ. ಬರ್ನಾವ್‌ನಲ್ಲಿ ಕಾರ್ಮಿಕ ಸಂಘಗಳ ಶಾಲೆ ಕಟ್ಟುತ್ತಿದ್ದಾಗ ಅಲ್ಲಿನ ಸಭಾಂಗಣದಲ್ಲಿ ದನಿ ಮಾರ್ದನಿಸುವ ತೊಂದರೆಯಿತ್ತು. ಅದಕ್ಕೆ ಅವಳು ಗೋಡೆಗೆ ಹೊದಿಸುವ ಬಟ್ಟೆಯೊಂದನ್ನು ನೇಯ್ದಳು. ಒಂದು ಮಗ್ಗುಲಲ್ಲಿ ಮೆತ್ತನೆಯ, ನವಿರು ಎದ್ದ ನೂಲು ಸದ್ದನ್ನು ಹೀರುತ್ತದೆ. ಇನ್ನೊಂದು ಮಗ್ಗುಲಲ್ಲಿ ಸೆಲೋಫೇನ್ ಬೆಳಕನ್ನು ಮರಳಿ ಸಭಾಂಗಣಕ್ಕೆ ಚೆಲ್ಲುತ್ತದೆ. ಎರಡು ಕೆಲಸ, ಒಂದೇ ನೇಯ್ಗೆ. ಹೂಬಳ್ಳಿಯಿಲ್ಲ, ಅಂಚು ಸೆರಗಿಲ್ಲ; ಹಾಸು ಹೊಕ್ಕುಗಳ ಹೆಣಿಗೆಯೇ ಅದರ ಚೆಲುವು. 1930ರಲ್ಲಿ ಅವಳಿಗೆ ಡಿಪ್ಲೊಮಾ ತಂದುಕೊಟ್ಟದ್ದು ಇದೇ ಬಟ್ಟೆ. ಬೇಕಾದದ್ದು ಯಾವುದು, ಬೇಡವಾದದ್ದು ಯಾವುದು ಎಂದು ಎಳೆ ಎಳೆಯಾಗಿ ಯೋಚಿಸುವ ಆ ಕ್ರಮವನ್ನು ನಾನು ಆಧುನಿಕ ಕಲೆ ಎನ್ನುತ್ತೇನೆ. ನಿಮ್ಮೂರಿನ ಖಣದಲ್ಲೂ ಅಂಥ ಯೋಚನೆ ಇದ್ದೇ ಇದೆ. ಅದನ್ನು ಕಲೆ ಎನ್ನದೆ ಬಿಟ್ಟದ್ದು ನಮ್ಮ ತಪ್ಪು, ಮಗ್ಗದ್ದಲ್ಲ.

ನಾಜಿಗಳ ಒತ್ತಡದಿಂದ 1933ರಲ್ಲಿ ಶಾಲೆ ಮುಚ್ಚಿತು. ಅದಕ್ಕೂ ಮೊದಲೇ, 1931ರಲ್ಲಿ, ಯಹೂದಿಯನ್ನು ಮದುವೆಯಾಗಿದ್ದ ಶ್ಟೋಲ್ಟ್ಸಲ್ ಕಿರುಕುಳ ತಾಳಲಾರದೆ ಸ್ವಿಟ್ಜರ್ಲೆಂಡಿಗೆ ಹೊರಟುಹೋಗಿದ್ದಳು. ಆನಿ ಆಲ್ಬರ್ಸ್ ಅಮೆರಿಕದ ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ ಪಾಠ ಹೇಳಿದಳು. 1949ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ಅವಳೊಬ್ಬಳದೇ ಪ್ರದರ್ಶನ ಏರ್ಪಡಿಸಿತು.

ಅವರ ಬಟ್ಟೆಗಳಲ್ಲಿ ಕೆಲವು ಆ ಮ್ಯೂಸಿಯಂನಲ್ಲೇ ಇವೆ. ಶ್ಟೋಲ್ಟ್ಸಲ್‌ಳ ಕೆಂಪು ಹಸಿರಿನ ಪ್ರಸಿದ್ಧ ನೇಯ್ಗೆ ಬರ್ಲಿನ್ನಿನ ಬೌಹೌಸ್ ಸಂಗ್ರಹದಲ್ಲಿದೆ.

ಮೂರು ಪುಟದಲ್ಲೂ ಹಿಡಿಸದೆ ಬಿಟ್ಟ ಹೆಸರು ಅದೇ ನೇಯ್ಗೆ ವಿಭಾಗದ ಓಟಿ ಬರ್ಗರ್‌ಳದು. ಕಿವಿ ಸರಿಯಾಗಿ ಕೇಳದ ಈಕೆ ಬಟ್ಟೆಯನ್ನು ಕೈಯಿಂದ ಮುಟ್ಟಿ ಅರಿಯಬೇಕೆಂದು ಹೇಳಿಕೊಡುತ್ತಿದ್ದಳು, ತನ್ನ ಬಟ್ಟೆ ತನ್ನ ಹೆಸರಿನ ಗುರುತು ಹೊತ್ತೇ ಮಾರಾಟವಾಗಬೇಕೆಂದು ಪಟ್ಟುಹಿಡಿದಳು, ಪೇಟೆಂಟನ್ನೂ ಪಡೆದಳು. ಯಹೂದಿಯೆಂಬ ಕಾರಣಕ್ಕೆ ಜರ್ಮನಿಯಲ್ಲಿ ಕೆಲಸ ನಿಷೇಧವಾಗಿ ಲಂಡನ್‌ಗೆ ಹೋದವಳು, ತಾಯಿಗೆ ಕಾಯಿಲೆಯೆಂದು 1938ರಲ್ಲಿ ಯುಗೊಸ್ಲಾವಿಯಾಕ್ಕೆ ಮರಳಿದಳು. 1944ರಲ್ಲಿ ಅವಳನ್ನು ಔಷ್ವಿಟ್ಸ್‌ನಲ್ಲಿ ಕೊಂದರು. ಮುಂದಿನ ಸಂಚಿಕೆಯಲ್ಲಿ ಅವಳಿಗೆಂದೇ ಎರಡು ಪುಟ ತೆಗೆದಿಟ್ಟಿದ್ದೇನೆ. ಓದಿ, ಇಷ್ಟೇ ಖಾರವಾಗಿ ಬರೆಯಿರಿ.

— ಸಂ.